ಉಳಿದದ್ದು ಎಂಟು

ಎಂಬತ್ತನೇ ಇಸವಿ ಆಸುಪಾಸಿನಲ್ಲಿ ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ನಾನು ಪ್ರೆಸ್ ಸೆಟ್ಟರ್. ತಗಡು ಕತ್ತರಿಸುವ ಪವರ್ ಪ್ರೆಸ್ಸಿಗೆ ಡೈ ಅನ್ನೋ ಉಕ್ಕಿನ ಅಚ್ಚು ಕೂರಿಸೋದು, ಬೋಲ್ಟು ಬಿಗಿಯೋದು, ಆಪರೇಟರ ಕೈ ಒಳಗೆ ಹೋಗದ ಹಾಗೆ ಮುಂದೆ ಜಾಲರಿ ಹಾಕೋದು. ಅದು ಸಂಬಳಕ್ಕೆ ಮಾಡ್ತಿದ್ದ ಕೆಲಸ. ಮನಸ್ಸಿಟ್ಟು ಮಾಡ್ತಿದ್ದದ್ದು ಓಸಿ ಬರೆಸೋ ಕೆಲಸ.

ಓಸಿ ಅಂದ್ರೆ ಇಷ್ಟೇ. ದಿನಕ್ಕೆರಡು ಸಲ ಬೊಂಬಾಯಿಯಿಂದ ಫೋನಿನಲ್ಲಿ ಒಂದೊಂದು ಅಂಕಿ ಬರೋದು. ನಾಲ್ಕು ಗಂಟೆಗೆ ಓಪನ್, ಆರೂವರೆಗೆ ಕ್ಲೋಸ್. ಯಾವ ಅಂಕಿ ಬರುತ್ತೆ ಅಂತ ಮೊದಲೇ ಹೇಳಿ ದುಡ್ಡು ಕಟ್ಟಬೇಕು. ಗೇಟಿನಾಚೆ ಟೀ ಅಂಗಡಿ ಹಿಂದೆ ಒಬ್ಬ ಸ್ಟೂಲು ಹಾಕ್ಕೊಂಡು ಚೀಟಿ ಬರೀತಿದ್ದ. ಹಣೆಗೆ ವಿಭೂತಿ, ಕಿವಿ ಮೇಲೆ ಪೆನ್ಸಿಲ್ಲು, ಮಹಾ ಗಂಭೀರ ಮನುಷ್ಯ. ಅಂಥವನ ಮುಂದೆ ಐಟಿಐ ಪಾಸಾದ ಗಂಡಸರು ನಾವು ಕೈಕಟ್ಟಿ ನಿಂತು ರಾತ್ರಿ ಬಿದ್ದ ಕನಸು ಒಪ್ಪಿಸ್ತಿದ್ವಿ. ಹಲ್ಲು ಬಿದ್ದ ಕನಸಿಗೆ ಏಳು, ಹೆಂಡತಿ ಬೈದ ಕನಸಿಗೆ ಮೂರು. ಬಸ್ಸಿನ ನಂಬರ್ ಕೂಡಿಸ್ತಿದ್ವಿ, ಸತ್ತೋರ ವಯಸ್ಸು ಕೂಡಿಸ್ತಿದ್ವಿ. ಒಂದ್ಸಲ ನನ್ನ ಮಗಳಿಗೆ ಜ್ವರ ನೂರಾ ಮೂರು ಅಂತ ನಮ್ಮನೆಯವಳು ಅಳ್ತಾ ಬಂದರೆ, ಒಂದೂ ಮೂರೂ ನಾಲ್ಕು ಅಂದ್ಕೊಂಡು ಚಪ್ಪಲಿ ಮೆಟ್ಟಿದವನು ನಾನು. ಡಾಕ್ಟರ ಹತ್ರ ಓಡಿದ ಅಂತ ಅವಳು ತಿಳ್ಕೊಂಡಿದ್ದಳು.

ನಮ್ಮ ಶಾಪಿನಲ್ಲಿ ಒಂದು ಪದ್ಧತಿ ಇತ್ತು. ಸೆಟ್ಟಿಂಗ್ ಮುಗಿಯೋವರೆಗೂ ಸೆಟ್ಟರ್ ತನ್ನ ಕೆಂಪು ಬಟ್ಟೆಯನ್ನ ಪ್ರೆಸ್ಸಿನ ಹಿಡಿಗೆ ಕಟ್ಟಿರಬೇಕು. ಬಟ್ಟೆ ಇದ್ದರೆ ಯಾರೂ ಮುಟ್ಟೋ ಹಾಗಿಲ್ಲ. ಬಿಚ್ಚಿದರೆ ಮಿಷನ್ ರೆಡಿ ಅಂತ ಅರ್ಥ, ಓಡಿಸಬಹುದು. ಓದು ಬರದವನಿಗೂ ತಿಳಿಯೋ ಪದ್ಧತಿ. ತಲೇಲಿ ಸೆಗಣಿ ತುಂಬಿದವನಿಗೆ ಮಾತ್ರ ತಿಳಿಯಲ್ಲ.

ನನ್ನ ಪ್ರೆಸ್ಸಿನ ಆಪರೇಟರು ಮಾದನಾಯಕನಹಳ್ಳಿ ಕಡೆಯ ಒಕ್ಕಲು ಮನೆಯವನು, ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವನು. ತಾಯಿ ಒಬ್ಬಳೇ ಮನೇಲಿ. ಒಂದು ದಿನವೂ ನಂಬರ್ ಆಡಿದವನಲ್ಲ. ಅದಕ್ಕೇ ನಾವು ಅವನನ್ನ ಮಂಕು ಅಂತ ಕರೀತಿದ್ವಿ. ನಾವು ಬುದ್ಧಿವಂತರಲ್ಲವಾ!

ಆವತ್ತು ಶನಿವಾರ. ಹೊಸ ಡೈ ಕೂರಿಸಿದ್ದೆ, ಜಾಲರಿ ಒಂದು ಬಾಕಿ ಇತ್ತು. ಗಡಿಯಾರ ನೋಡಿದೆ, ನಾಲ್ಕು. ಓಪನ್ ಬಂದಿರುತ್ತೆ. ಕೈಗೆಲ್ಲ ಆಯಿಲ್. ಹಿಡಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೈ ಒರೆಸ್ಕೊಂಡೆ, ಜೇಬಿಗೆ ತುರುಕಿಕೊಂಡು ಗೇಟಿನ ಕಡೆ ಹೋದೆ. ನಾನು ಬರೆಸಿದ್ದು ಐದು, ಬಂದಿದ್ದು ಆರು. ಒಂದಂಕಿಯಲ್ಲಿ ತಪ್ಪಿತಲ್ಲ ಅಂತ ಬೊಂಬಾಯಿಯವರ ವಂಶವನ್ನೆಲ್ಲ ಬೈದು, ಟೀ ಕುಡಿದು, ನಿಧಾನಕ್ಕೆ ವಾಪಸ್ಸು ಬಂದೆ.

ಶಾಪಿನಲ್ಲಿ ಎಲ್ಲಾ ಮಿಷನ್ನೂ ನಿಂತಿತ್ತು. ಅವನು ಎಡಗೈಯನ್ನ ಹೊಟ್ಟೆಗೆ ಅವುಚಿಕೊಂಡು ನೆಲದ ಮೇಲೆ ಕೂತಿದ್ದ. ಎರಡು ಬೆರಳು ಹೋಗಿತ್ತು. ನನಗೆ ಬೆವರು ಕಿತ್ಕೊಂಡು ಬಂತು. ಒರೆಸ್ಕೊಳ್ಳೋಕೆ ಜೇಬಿಂದ ಬಟ್ಟೆ ತೆಗೆದೆ, ನೋಡಿದರೆ ಕೆಂಪು ಬಟ್ಟೆ. ಹಿಡಿ ಮೇಲೆ ಬಟ್ಟೆ ಕಾಣದೆ ಅವನು ಪ್ರೆಸ್ ಓಡಿಸಿದ್ದಾನೆ ಅಂತ ನನಗೆ ಆ ಕ್ಷಣವೇ ಗೊತ್ತಾಯ್ತು. ಬೇರೆ ಯಾರಿಗೂ ಗೊತ್ತಾಗಲಿಲ್ಲ. ಬಟ್ಟೆ ತಿರುಗಿ ಜೇಬಿಗೆ ಹೋಯ್ತು.

ಇಲ್ಲಿಗೆ ನಿಂತಿದ್ದರೆ ತಪ್ಪು ಮಾಡಿದ ಮನುಷ್ಯ ಅನ್ನಿಸ್ಕೋತಿದ್ದೆ. ಅವನನ್ನ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿ, ಶಿಫ್ಟ್ ಮುಗಿಸಿ, ನಾವು ಏಳೆಂಟು ಜನ ಟೀ ಅಂಗಡಿ ಹಿಂದೆ ಸೇರಿದ್ವಿ. ಯಾತಕ್ಕೆ? ಎರಡು ಬರೆಸೋದಾ ಎಂಟು ಬರೆಸೋದಾ ಅಂತ ತೀರ್ಮಾನ ಮಾಡೋಕೆ. ಹೋದ ಬೆರಳು ಎರಡು, ಉಳಿದ ಬೆರಳು ಎಂಟು. ಕಾಲಿನ ಬೆರಳೂ ಸೇರಿಸಬೇಕಲ್ವಾ ಅಂತ ಒಬ್ಬ ಪಂಡಿತ ತಕರಾರು ತೆಗೆದ. ವಿಭೂತಿಯವನು ಕಣ್ಣು ಮುಚ್ಚಿ ಯೋಚಿಸಿ, “ಹೋಗಿದ್ದು ಶನಿ, ಉಳಿದಿದ್ದು ಲಕ್ಷ್ಮಿ. ಎಂಟು ಹಾಕ್ರಪ್ಪ,” ಅಂದ. ಜೇಬಿನಲ್ಲಿ ಆ ಬಟ್ಟೆ ಇಟ್ಕೊಂಡೇ ನಾನು ಎಂಟಕ್ಕೆ ಬರೆಸಿದೆ.

ಎಂಟೇ ಬಂತು. ನಾನು ಶಿಳ್ಳೆ ಹೊಡೆದೆ. ಥೂ.

ಭಾನುವಾರ ಬೆಳಿಗ್ಗೆ ಅದೇ ದುಡ್ಡಲ್ಲಿ ಒಂದು ಡಜನ್ ಮೋಸಂಬಿ ತಗೊಂಡು ದೊಡ್ಡ ಮನುಷ್ಯನ ಹಾಗೆ ಆಸ್ಪತ್ರೆಗೆ ಹೋದೆ. ಅವನ ತಾಯಿ ಮಂಚದ ಪಕ್ಕ ಕೂತಿದ್ದಳು. ಹಣ್ಣು ಕಂಡು ಅವಳ ಕಣ್ಣಲ್ಲಿ ನೀರು ಬಂತು. “ಫ್ಯಾಕ್ಟರಿಯವರ ಪೈಕಿ ನೀನೊಬ್ಬ ಬಂದೆಯಲ್ಲಪ್ಪ,” ಅಂದಳು.

ಅವನು ಪಿಸುದನೀಲಿ ಹೇಳಿದ: “ಅಣ್ಣ, ಜಾಲರಿ ನಾನೇ ಬಿಚ್ಚಿದೆ ಅಂತ ಫ್ಯಾಕ್ಟರಿಯವ್ರು ಬರ್ಕೊಂಡವ್ರೆ. ಕೆಂಪು ಬಟ್ಟೆ ಇರ್ಲಿಲ್ಲ ಅಂತ ನೀವೊಂದು ಮಾತು ಅಂದ್ರೆ ಸಾಕು. ಇಲ್ದಿದ್ರೆ ಪರಿಹಾರಾನೂ ಇಲ್ಲ, ಕೆಲಸಾನೂ ಇಲ್ಲ.”

ಅವನು ಇದನ್ನ ಹೇಳ್ತಾ ಇದ್ದಾಗ ನಾನು ಅವನ ತಲೆ ಮೇಲಿದ್ದ ಮಂಚದ ನಂಬರ್ ನೋಡ್ತಿದ್ದೆ. ಮೂವತ್ತೆರಡು. ಮೂರೂ ಎರಡೂ ಐದು. ನಿನ್ನೆ ಐದು ಬರಲಿಲ್ಲ, ನಾಳೆ ಬರಬಹುದು. ಇಷ್ಟೂ ಕೂಡಿಸಿ ಮುಗಿದ ಮೇಲೆ ಅವನ ಮುಖ ಕಂಡಿತು, ನನ್ನ ಉತ್ತರಕ್ಕೆ ಕಾಯ್ತಿತ್ತು. ಅಲ್ಲಿವರೆಗೂ ಇದನ್ನ ಚಟ ಅಂತ ಕರೆದಿರಲಿಲ್ಲ, ಟೈಮ್‌ಪಾಸ್ ಅಂತಿದ್ದೆ.

ಸೋಮವಾರ ಮ್ಯಾನೇಜರ ಮೇಜಿನ ಮೇಲೆ ಕೆಂಪು ಬಟ್ಟೆ ಇಟ್ಟು ಇದ್ದದ್ದು ಹೇಳಿದೆ. ಅವನಿಗೆ ಪರಿಹಾರ ಸಿಕ್ಕಿತು, ಸ್ಟೋರಿನಲ್ಲಿ ಕೆಲಸ ಕೊಟ್ಟರು. ನನ್ನನ್ನ ತೆಗೆದರು. ತೆಗೆಯದೆ ಪೂಜೆ ಮಾಡ್ತಾರಾ?

ಚಟ ಅಷ್ಟಕ್ಕೇ ಹೋಗಲಿಲ್ಲ. ಬೇರೆ ಫ್ಯಾಕ್ಟರಿ ಸೇರಿದ ಮೇಲೂ ಎರಡು ಸಲ ಜಾರಿದೆ. ಆಮೇಲೆ ಸಂಬಳದ ದಿನ ಹೆಂಡತಿಯೇ ಗೇಟಿಗೆ ಬಂದು ಕವರ್ ಇಸ್ಕೊಳ್ಳೋಕೆ ಶುರು ಮಾಡಿದಳು. ಜೊತೆಯವರು ನಕ್ಕರು, ನಗಲಿ. ಬಸ್ಸಿನ ನಂಬರ್ ಕಣ್ಣಿಗೆ ಬಿದ್ದರೆ ಕೂಡೋ ಲೆಕ್ಕ ತಾನಾಗಿ ಶುರುವಾಗೋದು, ಅದಕ್ಕೆ ಸ್ಟಾಪಿನಲ್ಲಿ ಬೆನ್ನು ತಿರುಗಿಸಿ ನಿಲ್ತಿದ್ದೆ. ಎಷ್ಟೋ ಬಸ್ಸು ತಪ್ಪಿಸ್ಕೊಂಡಿದ್ದೀನಿ. ಚಟ ಬಿಟ್ಟ ಅಂತ ಯಾರಾದ್ರೂ ಹೊಗಳಿದರೆ ಈಗಲೂ ಮೈ ಉರಿಯುತ್ತೆ.

ಎರಡು ವರ್ಷದ ಮೇಲೆ ತುಮಕೂರು ರಸ್ತೆಯಲ್ಲಿ ಆ ಆಪರೇಟರು ಸಿಕ್ಕಿದ. ಕುಶಲ ಎಲ್ಲ ಮಾತಾಡಿ ಆದ ಮೇಲೆ, “ಅವತ್ತು ಎಂಟು ಬಂದಿತ್ತಂತಲ್ಲಣ್ಣ,” ಅಂದ.

“ಯಾರಂದ್ರು?” ಅಂದೆ.

“ಶಾಪಿನೋರೇ ನಗ್ತಾ ಹೇಳಿದ್ರು. ನಮ್ಮವ್ವಂಗೆ ಮಾತ್ರ ಗೊತ್ತಿಲ್ಲ. ಕೆಲಸ ಹೋದ್ರೂ ದಿಟ ಹೇಳ್ದೋನು ಅಂತ ಸೋಮವಾರ ಸೋಮವಾರ ನಿಮ್ಮ ಹೆಸರಲ್ಲಿ ದೀಪ ಮಡಗ್ತಾಳೆ.”

ಬೈದಿದ್ದರೆ ತಡ್ಕೋತಿದ್ದೆ. ದೀಪ ತಡ್ಕೊಳ್ಳೋಕಾಗಲಿಲ್ಲ. ಮುಂದಿನ ಸೋಮವಾರ ಅವರ ಮನೆಗೆ ಹೋದೆ. ಅವಳು ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಿದ್ದಳು. ಟೀ ಅಂಗಡಿ, ಎಂಟು, ಶಿಳ್ಳೆ, ಏನೂ ಬಿಡದೆ ಹೇಳಿದೆ. ಅವಳ ಕೈ ನಿಂತಿತು.

“ಆ ಮೋಸಂಬಿ ಆ ಕಾಸಲ್ಲೇ ತಂದಿದ್ದಾ?”

“ಹೂಂ ಅವ್ವ.”

ಕಾಳಿದ್ದ ಮೊರವನ್ನ ಪಕ್ಕಕ್ಕೆ ಸರಿಸಿದಳು.

“ನಾನೇ ಬಿಡಿಸಿ ಬಿಡಿಸಿ ಅವನ ಬಾಯಿಗಿಕ್ಕಿದೆ ಕಣಪ್ಪ,” ಅಂದಳು.