ಮೊಸರಿನ ಮೂಲ ಕೇಳಿದ ಸುಮಂಗಲಾ

ಯಾವ ವಸ್ತುವನ್ನು ಕಂಡರೂ ಸುಮಂಗಲಾ ಅಂಗಡಿ ಎಂಬ ನನ್ನ ಸಹೋದ್ಯೋಗಿಗೆ ಅದು ಚೆನ್ನಾಗಿದೆಯೇ ಎಂಬುದಕ್ಕಿಂತ ಎಲ್ಲಿಂದ ಬಂತು ಎಂಬ ಚಿಂತೆಯೇ ಹೆಚ್ಚು. ಹೊಸ ಅಂಗಿ ತೊಟ್ಟು ಹೋದರೆ, ಒಪ್ಪುತ್ತದೆಂದು ಒಂದು ಮಾತು ಹೇಳುತ್ತಿರಲಿಲ್ಲ. “ಎಲ್ಲಿಂದ ತಂದ್ರಿ?” ಎನ್ನುತ್ತಿದ್ದರು. ಕ್ಯಾಂಪ್ ಪೇಟೆಯ ಅಂಗಡಿಯಿಂದ ಎಂದರೆ, ಆ ಅಂಗಡಿಯವನು ಎಲ್ಲಿಂದ ತರಿಸಿದ ಎಂಬುದು ಮುಂದಿನ ಪ್ರಶ್ನೆ. ವಿಜಯಪುರದ ಬಟ್ಟೆ ವ್ಯಾಪಾರಿಯ ಮಗಳು. ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ನಗು. ಆ ನಗು ಕೇಳಿದರೆ ನನಗೆ ಮೈಯುರಿಯುತ್ತಿತ್ತು.

ಹಿಂಜವಾಡಿಯ ಆಫೀಸಿನಲ್ಲಿ ನಮ್ಮಿಬ್ಬರದೂ ಒಂದೇ ಕೆಲಸ. ಒಂದು ಬ್ಯಾಂಕು ಮುಗ್ಗರಿಸಿದರೆ ಜೊತೆಗೆ ಇನ್ನೆಷ್ಟು ಬೀಳುತ್ತವೆ, ಇಡೀ ಹಣಕಾಸು ವ್ಯವಸ್ಥೆ ಎಷ್ಟು ಅಲುಗಾಡುತ್ತದೆ ಎಂದು ಅಳೆಯುವುದು. ಅದಕ್ಕೊಂದು ಅಳತೆಗೋಲನ್ನು ನಾನು ಹಬ್ಬಕ್ಕೂ ನನ್ನೂರು ಮೈಸೂರಿಗೆ ಹೋಗದೆ ಕೂತು ತಯಾರಿಸಿದ್ದೆ. ಬಗೆಬಗೆಯ ಜನಕ್ಕೆ ಸಾಲ ಹಂಚಿದ ಬ್ಯಾಂಕಿಗೆ ಹೆಚ್ಚು ಅಂಕ, ಒಂದೇ ಕಡೆ ಸುರಿದದ್ದಕ್ಕೆ ಕಡಿಮೆ. ಮುಂಬೈಯ ದೊಡ್ಡ ಸಂಸ್ಥೆಯೊಂದು ಅದನ್ನು ನೋಡಲು ಒಪ್ಪಿತ್ತು. ಅವರಿಗೆ ಹಿಡಿಸಿದರೆ ಅಲ್ಲಿನ ತಂಡದ ಮುಖ್ಯಸ್ಥನ ಹುದ್ದೆ ನನ್ನದೇ ಎಂದು ಎಲ್ಲರೂ ಮಾತಾಡಿಕೊಂಡಿದ್ದರು.

ಸುಮಂಗಲಾ ಅದನ್ನೆಲ್ಲ ಓದಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ. “ಮೂರ್ತಿಯವರ, ಈ ಬ್ಯಾಂಕಿನವ್ರು ಸಾಲ ಕೊಡೂದು ಬ್ಯಾರೆ ಬ್ಯಾರೆ ಮಂದಿಗೆ, ಖರೆ ಅದ. ಆದ್ರ ಆ ರೊಕ್ಕಾ ಇವ್ರು ತರೂದು ಎಲ್ಲಿಂದ?”

ಬಹುಪಾಲು ಬ್ಯಾಂಕುಗಳು ಹಣ ತರುತ್ತಿದ್ದದ್ದು ಅವೇ ನಾಲ್ಕಾರು ಹೂಡಿಕೆ ಫಂಡುಗಳಿಂದ. ಆ ಫಂಡುಗಳು ಕೈ ಬಿಗಿ ಹಿಡಿದರೆ ನನ್ನ ಪಟ್ಟಿಯಲ್ಲಿ ಗಟ್ಟಿ ಎನಿಸಿಕೊಂಡವೆಲ್ಲ ಒಂದೇ ದಿನ ಏದುಸಿರು ಬಿಡಬೇಕಿತ್ತು. ನನಗದು ತಕ್ಷಣ ಅರ್ಥವಾಯಿತು. ಆದರೂ ಅದು ನಮ್ಮ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ ಎಂದು ಮುಖ ಗಂಟಿಕ್ಕಿ ಹೇಳಿದೆ.

ಮುಂಬೈಗೆ ಹೋಗುವ ಹಿಂದಿನ ದಿನ ಮ್ಯಾನೇಜರ್ ಜೋಶಿ, ಎಲ್ಲರೂ ಮನೆಯಿಂದ ಒಂದೊಂದು ತಿನಿಸು ತನ್ನಿ, ಒಟ್ಟಿಗೆ ಊಟ ಮಾಡೋಣ ಎಂದರು. ಸುಡು ಬೇಸಿಗೆ. ಒಬ್ಬರು ಮೊಸರಿನ ಕಢಿ ತಂದರು, ಒಬ್ಬರು ಮೊಸರುವಡೆ, ಜೋಶಿಯವರೇ ಶ್ರೀಖಂಡ. ನನ್ನದು ಮೊಸರನ್ನ. ಸುಮಂಗಲಾ ಪ್ರತಿ ಪಾತ್ರೆಯ ಮುಚ್ಚಳ ಎತ್ತಿ ಮೊಸರು ಎಲ್ಲಿಯದೆಂದು ವಿಚಾರಿಸಿದರು. ಎಲ್ಲವೂ ನಮ್ಮ ಮನೆಗಳ ಹತ್ತಿರದ ಒಂದೇ ಡೇರಿಯದು.

“ಅಡಿಗಿ ನಾಕು, ಮೊಸರು ಒಂದ. ನಾ ಒಲ್ಲೆ,” ಎಂದು ನಗುತ್ತ ತಮ್ಮ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದರು.

ಅವರನ್ನು ಸುಳ್ಳು ಮಾಡುವ ಹಟಕ್ಕೆ ನಾನು ಪ್ರತಿಯೊಂದನ್ನೂ ಎರಡೆರಡು ಸಲ ಬಡಿಸಿಕೊಂಡೆ.

ಬೆಳಗಾಗುವಷ್ಟರಲ್ಲಿ ಜೋಶಿಯೂ ಸೇರಿ ಇಡೀ ತಂಡ ಹಾಸಿಗೆ ಹಿಡಿದಿತ್ತು. ನಾನು ಬಚ್ಚಲುಮನೆಯ ಬಾಗಿಲಿಗೆ ಆತುಕೊಂಡಿದ್ದಾಗ ಸುಮಂಗಲಾ ಒಬ್ಬರೇ ನನ್ನ ಅಳತೆಗೋಲನ್ನು ಹೊತ್ತು ಮುಂಬೈಗೆ ಹೊರಟಿದ್ದರು. ಅಲ್ಲಿ ಅವರು ಎಡವಲಿ ಎಂದು ದೇವರನ್ನು ಬೇಡಿಕೊಂಡೆ. ಸಂಜೆ ಜೋಶಿ ಫೋನು ಮಾಡಿ ಎಲ್ಲ ಹೇಳಿದರು. ಆಕೆ ಮೊದಲು ನನ್ನ ಹೆಸರು ಹೇಳಿ, ನನಗಿಂತ ಚೆನ್ನಾಗಿ ನನ್ನ ಲೆಕ್ಕ ವಿವರಿಸಿದರಂತೆ. ಈ ಅಳತೆಗೋಲಿನ ಕಣ್ಣಿಗೆ ಬೀಳದ್ದು ಏನಾದರೂ ಇದೆಯೇ ಎಂದು ಅಲ್ಲಿಯವರು ಕೇಳಿದಾಗ, ಇದೆ ಎಂದು, ರೊಕ್ಕಾ ಎಲ್ಲಿಂದ ಎಂಬ ತಮ್ಮ ಪ್ರಶ್ನೆ ಮುಂದಿಟ್ಟರಂತೆ. ಹುದ್ದೆ ಅವರಿಗೆ ಹೋಯಿತು. ನನ್ನ ಹೆಸರು ಮರೆಮಾಚಿ ಗೆದ್ದಿದ್ದರೆ ಬೈದು ಹಗುರಾಗಬಹುದಿತ್ತು. ಆಕೆ ಅದಕ್ಕೂ ಅವಕಾಶ ಕೊಟ್ಟಿರಲಿಲ್ಲ.

ಅವರ ಕೊನೆಯ ದಿನ ಬಾಡಿಗೆ ಕಾರಿನವರೆಗೆ ಅವರ ಚೀಲ ಹಿಡಿದುಕೊಂಡು ಹೋದೆ. ಮುಂಬೈಯ ತಂಡದಲ್ಲಿ ಇನ್ನೊಂದು ಜಾಗ ಖಾಲಿ ಇದೆ, ನಿಮ್ಮ ಹೆಸರು ಹೇಳಲೇ ಎಂದು ಕೇಳಿದರು. ಮುಂಬೈ ಹವಾ ನನಗೆ ಆಗಿಬರುವುದಿಲ್ಲ ಎಂದೆ.

ಕಾರಿನೊಳಗೆ ಕೂತು ಅವರು ನನ್ನ ಮುಖ ನೋಡಿದರು. ಅಂದು ನಗಲಿಲ್ಲ.

“ಹವಾದ ಮಾತು ಬಿಡ್ರಿ. ನನ್ನ ಕೈಕೆಳಗ ಬರ್ಲಿಕ್ಕ ನಿಮಗ ಮನಸಿಲ್ಲ. ನಿಮ್ಮ ಜಾಗಾದಾಗ ನಾ ಇದ್ದಿದ್ರ ನಾನೂ ಬರ್ತಿದ್ದಿಲ್ಲ.”

ಅವರು ಹೋಗಿ ವರ್ಷವಾಗುತ್ತ ಬಂತು. ಆಫೀಸಿಗೆ ಹೊಸಬರು ಬಂದಿದ್ದಾರೆ. ಎಲ್ಲರೂ ಜಾಣರೇ, ನನ್ನ ಲೆಕ್ಕಗಳನ್ನು ಹೊಗಳುತ್ತಾರೆ, ಸರ್ ಎನ್ನುತ್ತಾರೆ. ಅವರಲ್ಲಿ ಒಬ್ಬರನ್ನು ಕಂಡರೂ ನನಗೆ ಹೊಟ್ಟೆಕಿಚ್ಚಾಗುವುದಿಲ್ಲ. ಅದಕ್ಕೇ ಈಗೀಗ ಆಫೀಸಿಗೆ ಹೋಗಲು ಬೇಜಾರು.