ಮೂರನೆಯ ದಿನದ ಹಾಲುತುಪ್ಪ

ಧನುರ್ವಾಯು ಬಂದವರು ಬದುಕುವುದು ಆಗಿನ ಕಾಲಕ್ಕೆ ಅಪರೂಪ. ನಾನು ಬದುಕಿದೆ. ಹಿಂದೂಪುರದ ನಮ್ಮ ಬೀದಿಯ ಹೆಂಗಸರು ಬಾಗಿಲಾಚೆಯಿಂದ ಇಣುಕಿ, ಗಟ್ಟಿ ಜೀವ ಅಂತ ಹೊಗಳಿ ಹೋದರು. ಜೀವವೇನೋ ಗಟ್ಟಿಯೇ. ತಲೆ ಗಟ್ಟಿಯಿರಲಿಲ್ಲ, ಅದನ್ನು ಯಾರೂ ಕೇಳಲಿಲ್ಲ.

ಮಗನಿಗೆ ಮೂರು ತಿಂಗಳು ತುಂಬಿದಾಗ ನನ್ನ ಕಾಲಿಗೆ ತುಕ್ಕು ಹಿಡಿದ ಮೊಳೆ ಚುಚ್ಚಿತ್ತು. ವಾರದೊಳಗೆ ದವಡೆ ಕಚ್ಚಿಕೊಂಡಿತು. ರೈಲಿನಲ್ಲಿ ಬೆಂಗಳೂರಿಗೆ ಸಾಗಿಸಿದರು. ಆಸ್ಪತ್ರೆಯಲ್ಲಿ ಕತ್ತಲೆ ಕೋಣೆ, ಕಿವಿಗೆ ಹತ್ತಿ, ಮೂಗಿನಲ್ಲಿ ನಳಿಕೆ. ಚಮಚ ಬಿದ್ದ ಸದ್ದಿಗೂ ಮೈ ಬಿಲ್ಲಿನಂತೆ ಬಾಗುತ್ತಿತ್ತು. ಒಂದು ದಿನ ಬಾಗಿಲ ಸಂದಿಯಲ್ಲಿ ಒಬ್ಬ ಹೆಂಗಸು ಬಿಳಿ ಬಟ್ಟೆ ಸುತ್ತಿದ ಕೂಸನ್ನು ಎತ್ತಿಕೊಂಡು ಹೋದದ್ದು ಕಂಡೆ. ಕೂಸಿನ ಮುಖದ ಮೇಲೂ ಬಟ್ಟೆ. ಅದು ನನ್ನ ಮಗನೇ ಅಂತ ಆ ಕ್ಷಣಕ್ಕೇ ಖಾತ್ರಿಯಾಯಿತು.

ಎರಡು ತಿಂಗಳ ಮೇಲೆ ಮನೆಗೆ ಬಂದೆ. ಸದ್ದು, ಬೆಳಕು ಆಗದು ಅಂತ ಆಸ್ಪತ್ರೆಯಲ್ಲಿ ಹೇಳಿದ್ದನ್ನು ಅತ್ತೆ ಮನೆಯಲ್ಲೂ ಮುಂದುವರಿಸಿದರು. ಕಿಟಕಿಗೆ ಕಂಬಳಿ ಹೊದಿಸಿದರು. ಹುಣಸೆಹಣ್ಣು ಬಡಿಯುತ್ತಿದ್ದ ಹೆಂಗಸರನ್ನು ಬೈದು ಬೇರೆ ಬೀದಿಗೆ ಓಡಿಸಿದರು. ನಮ್ಮತ್ತೆಯ ಬಾಯೆಂದರೆ ಊರಿಗೇ ಗೊತ್ತು, ಅಂಥವರು ಪಿಸುಗುಟ್ಟುವುದು ಕಲಿತಿದ್ದರು. ಮಗನ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾರಲ್ಲ, ಆ ಭಯ.

ಒಂದು ಬೆಳಗ್ಗೆ ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಹೋಗುವಾಗ ತೊಟ್ಟಿಲನ್ನು ಅಟ್ಟಕ್ಕೆ ಏರಿಸಿರುವುದು ಕಂಡಿತು. ಮುಗಿಯಿತು ಅಂದುಕೊಂಡೆ. ಅತ್ತು ರಂಪ ಮಾಡಲಿಲ್ಲ. ಸೂತಕ ಅಂತ ಕುಂಕುಮ ಒರೆಸಿಕೊಂಡೆ. ದೇವರ ದೀಪದ ಕಡೆ ನೋಡಲಿಲ್ಲ. ನಮ್ಮಲ್ಲಿ ಮಣ್ಣು ಮಾಡಿದ ಮೂರನೆಯ ದಿನ ಗುಂಡಿಯ ಮೇಲೆ ಹಾಲುತುಪ್ಪ ಬಿಡುತ್ತಾರೆ. ಮಗನ ಗುಂಡಿ ಎಲ್ಲಿದೆಯೋ ನನಗೇನು ಗೊತ್ತು? ತೊಟ್ಟಿಲು ಕಂಡ ಮೂರನೆಯ ದಿನ, ನನಗೆ ಕುಡಿಯಲು ಕೊಟ್ಟ ಹಾಲಿಗೆ ಅನ್ನದ ಮೇಲಿನ ತುಪ್ಪ ಬೆರೆಸಿ ಹಿತ್ತಿಲಲ್ಲಿ ಕೂತು ಮಣ್ಣಿಗೆ ಬಿಟ್ಟೆ.

ಅತ್ತೆ ಹಿಂದೆಯೇ ನಿಂತಿದ್ದರು. ಯಾರಿಗೆ ಅಂತ ಪಿಸುಮಾತಿನಲ್ಲೇ ಕೇಳಿದರು. ನನ್ನ ಮಗನಿಗೆ ಅಂದೆ.

"ಅಯ್ಯೋ ಮುಂಡೇದೇ, ಬದ್ಕಿರೋ ಕೂಸ್ಗೆ ಹಾಲುತುಪ್ಪ ಬಿಟ್ಬುಟ್ಯಲ್ಲೇ! ಕಲ್ಯಾಣದುರ್ಗದಾಗೆ ನಿಮ್ಮವ್ವನ ಮಡ್ಲಾಗೆ ಆಡ್ಕಂಡವ್ನೆ ಕಣೇ."

ಬೀದಿಗೆಲ್ಲ ಕೇಳುವಂತೆ ಕೂಗಿದರು. ಅಷ್ಟು ಸದ್ದಿಗೂ ನನ್ನ ಮೈ ಬಾಗಲಿಲ್ಲ. ಮೈ ಎಂದೋ ವಾಸಿಯಾಗಿತ್ತು. ಕೂಸು ಅತ್ತರೆ ನನಗೆ ಮತ್ತೆ ಸೆಳೆತ ಬರುತ್ತದೆಂದು ಅವನನ್ನು ನನ್ನವ್ವನ ಹತ್ತಿರ ಬಿಟ್ಟಿದ್ದರಂತೆ. ಹೆಸರೆತ್ತಿದರೆ ಎದೆ ತುಡಿಯುತ್ತದೆಂದು ಬಾಯಿ ಕಟ್ಟಿಕೊಂಡಿದ್ದರಂತೆ. ನನಗೆ ಸಂತೋಷ ಬರಲಿಲ್ಲ, ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿತು.

ನಮ್ಮೆಜಮಾನರು ಅವತ್ತೇ ಕಲ್ಯಾಣದುರ್ಗದ ದಾರಿ ಹಿಡಿದು, ಮರುದಿನ ಸಂಜೆ ಅವ್ವನನ್ನೂ ಕೂಸನ್ನೂ ಕರೆತಂದರು. ನಾನು ಬಿಟ್ಟುಹೋದದ್ದು ಬಡಕಲು ಕೂಸು, ತಲೆತುಂಬ ಕೂದಲು. ಇದಕ್ಕೆ ಕೆನ್ನೆ ತುಂಬಿತ್ತು, ಎರಡು ಹಲ್ಲು ಬಂದಿದ್ದವು, ಹರಕೆಗೆ ಮುಡಿ ತೆಗೆಸಿದ್ದರು. ನನ್ನನ್ನು ಸಮಾಧಾನ ಮಾಡಲು ಯಾರದೋ ಕೂಸು ತಂದಿದ್ದಾರೆ ಅಂದುಕೊಂಡೆ. ಇವನು ಯಾರ ಮಗ ಅಂತ ಕೇಳಿಯೂ ಬಿಟ್ಟೆ.

ಯಜಮಾನರು ಗೋಡೆಯ ಕಡೆ ತಿರುಗಿದರು. ಅತ್ತೆ ಹಣೆ ಚಚ್ಚಿಕೊಂಡರು. ಅಷ್ಟು ದಿನ ಬಾಣಂತಿಯರ ಮನೆಮನೆಗೆ ಅವನನ್ನು ಹೊತ್ತು ತಿರುಗಿ ಹಾಲು ಬೇಡಿದ್ದ ನನ್ನವ್ವನಿಗೆ ಮಾತ್ರ ಸಿಟ್ಟು ಬರಲಿಲ್ಲ.

"ನಿನ್ನೋನಲ್ಲ ಅಂತ್ಲೇ ಇಟ್ಕ. ಅಳ್ತಾವ್ನೆ, ಎತ್ಕ."

ಎತ್ತಿಕೊಂಡೆ. ಅವನು ಇನ್ನೂ ಜೋರಾಗಿ ಅತ್ತ, ಅವ್ವನ ಕಡೆಗೆ ಎರಡೂ ಕೈ ಚಾಚಿದ. ಅವನಿಗೂ ನನ್ನ ಗುರುತಿರಲಿಲ್ಲ.

ಪರರ ಕೂಸು ಅಂದುಕೊಂಡೇ ಅವನನ್ನು ಒಂದು ವರ್ಷ ಸಾಕಿದೆ. ಇದನ್ನು ಅವನಿಗೆ ನಾನು ಹೇಳಿಲ್ಲ.