ಕಿಟಕಿಕಟ್ಟೆಯ ಅಂಗರಕ್ಷಕ

ಬೆಳಗ್ಗೆ ಎದ್ದೊಡನೆ ಕೆಲವರ ಕೈ ಕನ್ನಡಕವನ್ನು ಹುಡುಕುತ್ತದೆ, ಕೆಲವರದು ಮೊಬೈಲನ್ನು. ನನ್ನದು, ಕಾಲು ನೆಲ ಮುಟ್ಟುವ ಮೊದಲೇ, ಕಿಟಕಿಕಟ್ಟೆಯ ಮೇಲಿನ ಆಸಿಡಿಟಿ ಗುಳಿಗೆಯನ್ನು ಹುಡುಕುತ್ತದೆ. ವರ್ಷಗಳ ಹಿಂದೆ ಹಾನಗಲ್ಲಿನ ಡಾಕ್ಟರು ಮೊಣಕಾಲಿಗೆ ಕೊಟ್ಟ ನೋವಿನ ಮಾತ್ರೆ ಹೊಟ್ಟೆಯನ್ನು ಸುಡಬಾರದೆಂದು ಜೊತೆಗೆ ಬಂದ ಅಂಗರಕ್ಷಕನಿದು. ನೋವು ಹೋಯಿತು, ನೋವಿನ ಮಾತ್ರೆಯೂ ಹೋಯಿತು. ಅಂಗರಕ್ಷಕ ಮಾತ್ರ ಇಲ್ಲೇ ಬೀಡುಬಿಟ್ಟ. ಅವನ ಅಭಯದಲ್ಲಿ ನಮ್ಮ ಅಕ್ಕಿಆಲೂರಿನ ಸಂತೆಯ ಮಿರ್ಚಿ ಭಜಿಯನ್ನು ನಿಶ್ಚಿಂತನಾಗಿ ತಿಂದೆ; ಶ್ರಾವಣ ಸೋಮವಾರ ಅನ್ನ ಬಿಟ್ಟರೂ ಅವನನ್ನು ಬಿಡಲಿಲ್ಲ.

ಹೋದ ತಿಂಗಳು ಎಡಗಾಲಿನ ಚಪ್ಪಲಿ ಕಳಚಿದ್ದೇ ತಿಳಿಯದೆ ಬಸ್ ನಿಲ್ದಾಣವನ್ನು ಅರ್ಧ ದಾಟಿಬಿಟ್ಟಿದ್ದೆ. ಅಂಗಾಲುಗಳಲ್ಲಿ ಜುಮುಜುಮು. ಸುಮ್ಮನಿರುವ ಜಾಯಮಾನ ನನ್ನದಲ್ಲವಲ್ಲ, ಮೊಬೈಲಿನಲ್ಲಿ ಓದಿದೆ: ಈ ಗುಳಿಗೆಯನ್ನು ಬಹುಕಾಲ ನುಂಗಿದ ಕೆಲವರಲ್ಲಿ ಹೊಟ್ಟೆಯ ಆಮ್ಲ ತಗ್ಗಿ, ಊಟದ ಬಿ-ಹನ್ನೆರಡು ಜೀವಸತ್ವ ಮೈಗೆ ಹತ್ತದೆ ಕುಂದಬಹುದು, ಅದರಿಂದ ಕಾಲು ಜೋಮು ಹಿಡಿಯಬಹುದು, ಮೆಗ್ನೀಸಿಯಮ್ ಇಳಿಯಬಹುದು, ಮೂಳೆ ಮುರಿಯಬಹುದು. ‘ಕೆಲವರು’, ‘ಬಹುದು’ ಎಂಬ ಪದಗಳು ಚಿಂತಾಜೀವಿಯ ಕಣ್ಣಿಗೆ ಬೀಳುವುದಿಲ್ಲ. ಅಂದಿನಿಂದ ಗಾಜಿನ ಗೊಂಬೆಯಂತೆ ಮೆಟ್ಟಿಲಿಳಿಯತೊಡಗಿದೆ. ಗುಳಿಗೆ ಬಿಟ್ಟೆ, ಎದೆಯಲ್ಲಿ ಒಲೆ ಹೊತ್ತಿತು, ಮತ್ತೆ ನುಂಗಿದೆ.

“ಬಿಟ್ರ ಹೊಟ್ಟಿ ಉರೀತೈತಿ, ತಗೊಂಡ್ರ ಜೀವ ಉರೀತೈತಿ. ಒಟ್ಟ ನಿಮಗ ಏನರ ಉರೀತಿರಬೇಕ ನೋಡ್ರಿ!” ಎಂದ ಹೆಂಡತಿ ನನ್ನನ್ನು ಹಾನಗಲ್ಲಿಗೆ ಎಳೆದೊಯ್ದಳು.

ಡಾಕ್ಟರು ಹುಬ್ಬೇರಿಸಿದರು. “ಇನ್ನೂ ತಗೋಳಾಕತ್ತೀರೇನ್ರಿ? ಯಾರು ಹೇಳಿದ್ರು?”

“ನೀವ ಕೊಟ್ಟಿದ್ರಲ್ರಿ, ಸಾಹೇಬ್ರ.”

“ಮೊಣಕಾಲು ನೋವು ಇರೂತನಕಾ ಅಂದಿದ್ದೆ. ಜೀವ ಇರೂತನಕಾ ಅಂದಿದ್ದಿಲ್ಲ!”

ರಕ್ತ ಪರೀಕ್ಷೆಯಲ್ಲಿ ಬಿ-ಹನ್ನೆರಡು ಕಡಿಮೆ ಬಂತು. “ಇದಕ್ಕ ಗುಳಿಗೀನ ಕಾರಣ ಅಂತ ಖಾತ್ರಿ ಹೇಳಾಕ ಬರೂದಿಲ್ರಿ. ಆದ್ರ ನಿಮಗ ಈಗ ಅದು ಬ್ಯಾಡ. ಒಮ್ಮೆಲೇ ಬಿಡಬ್ಯಾಡ್ರಿ, ದಿನಾ ಬಿಟ್ಟು ದಿನಾ ತಗೋತ ಬರ್ರಿ,” ಎಂದು ಬಿ-ಹನ್ನೆರಡರ ಇಂಜೆಕ್ಷನ್ ಚುಚ್ಚಿದರು.

“ಕಾಲು ಮೊದಲಿನಂಗ ಆಗ್ತಾವೇನ್ರಿ?”

“ನೋಡೂಣ್ರಿ.”

ಆ ‘ನೋಡೂಣ’ ಬಸ್ಸಿನಲ್ಲಿ ನಮ್ಮಿಬ್ಬರ ನಡುವೆಯೇ ಕುಳಿತು ಊರಿಗೆ ಬಂತು. ದಾರಿಯುದ್ದಕ್ಕೂ ಯೋಚಿಸಿದೆ: ಉರಿಗೆ ಅಂಜಿ ಒಲೆಯನ್ನೇ ಆರಿಸಿ, ಅಡುಗೆ ಯಾಕೆ ಬೇಯಲಿಲ್ಲವೆಂದು ಕೇಳುವ ಜಾಣ ನನ್ನನ್ನು ಬಿಟ್ಟರೆ ಇನ್ನಾರಿದ್ದಾರು, ನೀವೇ ಹೇಳಿ.

ಇಂದು ಗುಳಿಗೆಯಿಲ್ಲದ ದಿನ. ಕೈ ಅಭ್ಯಾಸಬಲದಿಂದ ಕಿಟಕಿಯತ್ತ ಹೋಗಿ, ನಾಚಿಕೊಂಡು ಹಿಂದಿರುಗಿತು. ಮೊದಲು ಕಾಲುಗಳನ್ನೇ ಇಳಿಬಿಟ್ಟು, ಫರಸಿಕಲ್ಲಿನ ನೆಲದ ಮೇಲೆ ಎದ್ದು ನಿಂತೆ.

“ಏನ್ರಿ, ಕಂಬದಂಗ ನಿಂತ್ರಿ?” ಎಂದಳು ಹೆಂಡತಿ.

“ಫರಸಿ ತಣ್ಣಗ ಐತೆಲ್ಲ?”

“ಅದು ದಿನಾ ತಣ್ಣಗ ಇರ್ತೈತ್ರಿ.”

ಇರುತ್ತಿತ್ತೇನೋ. ಬಲಗಾಲಿಗೆ ಈ ಹೊತ್ತು ಗೊತ್ತಾಯಿತು. ಎಡಗಾಲು ಏನನ್ನುತ್ತದೋ ಎಂದು ಇನ್ನೂ ನಿಂತೇ ಇದ್ದೇನೆ.